ಅಜ್ಜಿಯ ಓಟಿಪಿ ನನ್ನ ಫೋನಿಗೆ

ನಮ್ಮ ಮನೆಯಲ್ಲಿ ಯಾರ ಹೆಸರಿನಲ್ಲಿ ಗ್ಯಾಸ್ ಬುಕ್ ಆದರೂ ಮೆಸೇಜು ಬರೋದು ನನ್ನ ಫೋನಿಗೆ. ಅಜ್ಜಿಯ ಪಿಂಚಣಿ, ಅಮ್ಮನ ಗೃಹಲಕ್ಷ್ಮಿ, ಅಪ್ಪನ ಬೆಳೆ ವಿಮೆ, ಚಿಕ್ಕಮ್ಮನ ಸ್ಕ್ಯಾನಿಂಗ್ ರಿಪೋರ್ಟು, ಎಲ್ಲಕ್ಕೂ ನಾನೇ ಕಚೇರಿ, ನಾನೇ ಗುಮಾಸ್ತೆ. ನಾನಿರೋದು ಬೆಂಗಳೂರಿನ ಪಿಜಿಯಲ್ಲಿ. ಅವರಿರೋದು ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಲ್ಲಿ, ಊಟಿ ರಸ್ತೆಯಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುತ್ತೀರಲ್ಲ, ಅಲ್ಲಿ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರ ಕಥೆಯೂ ಇದೇ ಇರಬಹುದು. ಅದರಲ್ಲೂ ನೀವು ಆ ಮನೆಯ ಹೆಣ್ಣುಮಗಳಾಗಿದ್ದರೆ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಯಿತಲ್ಲ, ತಿಂಗಳಿಗೆ 2000 ರೂಪಾಯಿಯದ್ದು, ಅಲ್ಲಿಂದ ನಮ್ಮ ಬೀದಿಯಲ್ಲಿ ನನಗೆ ಬೇಡಿಕೆ ಜಾಸ್ತಿಯಾಯಿತು. ಊರಿಗೆ ಹೋದರೆ ಪಕ್ಕದ ಮನೆಯ ದೊಡ್ಡಮ್ಮ, ಎದುರು ಮನೆ ಅತ್ತೆ, ಎಲ್ಲರೂ ಪಾಸ್‌ಬುಕ್ ಹಿಡಿದು ಜಗಲಿ ಮೇಲೆ ಕೂತಿರುತ್ತಾರೆ. ‘ದುಡ್ಡು ಬಂದದಾ ನೋಡವ್ವ’ ಅಂತ. ನನ್ನ ತಮ್ಮನೂ ಅಲ್ಲೇ ಇರುತ್ತಾನೆ. ಡಿಪ್ಲೊಮಾ ಓದಿದವನು, ಇಡೀ ದಿನ ಕೈಯಲ್ಲಿ ಫೋನು. ಅವನನ್ನು ಯಾರೂ ಕೇಳಲ್ಲ. ಕೇಳಿದರೂ ‘ಅಕ್ಕ ಬರ್ತಾಳಲ್ಲ ಶನಿವಾರ’ ಅನ್ನುತ್ತಾನೆ.

ಇದನ್ನೆಲ್ಲ ನಾನು ಪಿಜಿಯಲ್ಲಿ ಗೊಣಗುತ್ತಿದ್ದಾಗ ರೂಮ್‌ಮೇಟ್ ನಗುತ್ತಿದ್ದಳು. ಅವಳೂ ನಮ್ಮ ಚಾಮರಾಜನಗರ ಜಿಲ್ಲೆಯವಳೇ. ಆದರೆ ಟಿಬೆಟನ್ ಹುಡುಗಿ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟನ್ ನಿರಾಶ್ರಿತರ ಶಿಬಿರ ಇದೆ. ಬೈಲಕುಪ್ಪೆ ಎಲ್ಲರಿಗೂ ಗೊತ್ತು, ಒಡೆಯರಪಾಳ್ಯ ನಮ್ಮ ಜಿಲ್ಲೆಯವರಿಗೇ ಅಷ್ಟಾಗಿ ಗೊತ್ತಿಲ್ಲ. ಅವಳ ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ ಹಿಮಾಲಯ ದಾಟಿ ಬಂದವರು. ಕೊನೆಗೆ ಬಂದು ನಿಂತಿದ್ದು ನಮ್ಮ ಕಡೆಯ ಕಾಡಂಚಿನಲ್ಲಿ, ಮುಸುಕಿನ ಜೋಳದ ಹೊಲದಲ್ಲಿ.

ಟಿಬೆಟನ್ನರು ಅಜ್ಜಿಯನ್ನು ‘ಮೋಲಾ’ ಅಂತಾರೆ. ಕೊನೆಯ ‘ಲಾ’ ಮರ್ಯಾದೆಗೆ, ನಾವು ಹೆಸರಿನ ಜೊತೆ ‘ಅವರು’ ಸೇರಿಸಿದ ಹಾಗೆ. ಮೋಲಾಗೆ ಸಂತೆಯ ಕನ್ನಡ ಚೆನ್ನಾಗಿ ಬರುತ್ತದೆ. ಸೊಪ್ಪಿನ ರೇಟು ಇಳಿಸೋದಕ್ಕೆ, ಬಸ್ಸಿನಲ್ಲಿ ಸೀಟು ಕೇಳೋದಕ್ಕೆ ಯಾರೂ ಬೇಕಿಲ್ಲ. ಆದರೆ ಅರ್ಜಿಯ ಕನ್ನಡ ಬೇರೆ, ಡಾಕ್ಟರ ಕನ್ನಡ ಬೇರೆ. ನಿರಾಶ್ರಿತರು ಇಟ್ಟುಕೊಳ್ಳಬೇಕಾದ ನೋಂದಣಿ ಪತ್ರ ಒಂದಿದೆ, ಅವರು ಅದನ್ನು ಆರ್‌ಸಿ ಅಂತಾರೆ. ಅವಧಿ ಮುಗಿಯುವ ಮೊದಲು ನವೀಕರಿಸಬೇಕು. ನಮ್ಮಜ್ಜಿಯ ಕೆವೈಸಿ ತಪ್ಪಿದರೆ ಪಿಂಚಣಿ ನಿಲ್ಲುತ್ತೆ ಅಷ್ಟೇ. ಮೋಲಾದು ತಪ್ಪಿದರೆ ಈ ದೇಶದಲ್ಲಿ ಇರುವ ಕಾಗದವೇ ಇಲ್ಲದ ಹಾಗೆ. ಆ ತಾರೀಖನ್ನು ನೆನಪಿಡುವ ಕೆಲಸ ಗೆಳತಿಗೆ ಹೈಸ್ಕೂಲಿನಲ್ಲೇ ಬಂದಿತ್ತು.

ಅವಳು ಹತ್ತನೇ ಕ್ಲಾಸಿನಲ್ಲಿದ್ದಾಗ ಮೋಲಾಗೆ ಕೆಮ್ಮು ನಿಲ್ಲಲೇ ಇಲ್ಲ. ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದವಳು ಇವಳೇ, ಯಾಕೆಂದರೆ ಮನೆಯಲ್ಲಿ ಇಂಗ್ಲಿಷು, ಕನ್ನಡ ಎರಡೂ ಓದಿದ್ದವಳು ಇವಳೇ. ಡಾಕ್ಟರು ಎಕ್ಸ್-ರೇ ನೋಡಿ, ಕಫದ ರಿಪೋರ್ಟು ನೋಡಿ, ಇವಳ ಮುಖ ನೋಡಿ ‘ಟಿಬಿ’ ಅಂದರು. ಅದನ್ನು ಅಜ್ಜಿಗೆ ಟಿಬೆಟನ್‌ನಲ್ಲಿ ಹೇಳಬೇಕು. ಶಿಬಿರದಲ್ಲಿ ಆ ಕಾಯಿಲೆಯ ಹೆಸರು ಎಲ್ಲರಿಗೂ ಗೊತ್ತು, ಟಿಬೆಟನ್ ನಿರಾಶ್ರಿತರನ್ನು ವರ್ಷಗಳಿಂದ ಕಾಡಿದ ಕಾಯಿಲೆ ಅದು. ಹದಿನೈದು ವರ್ಷದ ಹುಡುಗಿ ಹೇಳಿದಳು. ಮೋಲಾ ‘ನಾನು ಸಾಯ್ತೀನಾ?’ ಅಂತ ಕೇಳಿದ್ದು ಡಾಕ್ಟರನ್ನಲ್ಲ, ಇವಳನ್ನು.

‘ಆಗ ನಾನು ಡಾಕ್ಟರ ಕಡೆ ತಿರುಗಿ, ಎಷ್ಟು ತಿಂಗಳು ಮಾತ್ರೆ ಸರ್ ಅಂದೆ. ಆರು ಅಂದ್ರು. ಅದನ್ನೇ ಮೋಲಾಗೆ ಹೇಳಿದೆ, ಆರು ತಿಂಗಳು ಅಂತ’ ಎಂದಳು ಗೆಳತಿ. ಆರು ತಿಂಗಳೂ ಮಾತ್ರೆ ಎಣಿಸಿ ಕೊಟ್ಟಳು. ಮೋಲಾ ಗುಣವಾದರು. ಆ ದಿನದಿಂದಲೇ ಅವಳು ನರ್ಸ್ ಆಗಬೇಕು ಅಂದುಕೊಂಡಳು ಅಂತ ಬರೆದರೆ ಚೆನ್ನಾಗಿರುತ್ತೆ. ಆದರೆ ಅವಳು ಓದಿದ್ದು ಬಿಕಾಂ, ಈಗ ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುತ್ತಾಳೆ. ಆಸ್ಪತ್ರೆಯ ವಾಸನೆ ಇವತ್ತಿಗೂ ಆಗಲ್ಲ ಅವಳಿಗೆ.

ಇನ್ನೊಂದು ರಾತ್ರಿಯದ್ದೂ ಹೇಳಿದ್ದಳು. ಗಲ್ವಾನ್ ಘರ್ಷಣೆಯಾದ ಮೇಲೆ, 2020ರ ಜೂನ್ 29ರಂದು ಸರ್ಕಾರ 59 ಚೀನಿ ಆ್ಯಪ್‌ಗಳನ್ನು ನಿಷೇಧಿಸಿತು. ನಮಗೆಲ್ಲ ನೆನಪಿರೋದು ಟಿಕ್‌ಟಾಕ್. ಆ ಪಟ್ಟಿಯಲ್ಲಿ ವಿಚಾಟ್ ಕೂಡ ಇತ್ತು. ಟಿಬೆಟ್‌ನಲ್ಲಿ ಉಳಿದ ಸಂಬಂಧಿಕರ ಜೊತೆ ಮಾತಾಡಲು ಇಲ್ಲಿನವರಿಗಿದ್ದ ಮುಖ್ಯ ದಾರಿ ಅದು. ಮೋಲಾ ತಂಗಿಯ ದನಿ ಕೇಳುತ್ತಿದ್ದದ್ದು ಅದರಲ್ಲೇ. ‘ಫೋನು ಕೆಟ್ಟಿದೆಯಾ ನೋಡು’ ಅಂತ ಕೊಟ್ಟರಂತೆ. ಫೋನು ಕೆಟ್ಟಿಲ್ಲ ಅಂತ ಹೇಳಬೇಕಾದವಳು ಮತ್ತೆ ಇವಳೇ.

ಅಮೆರಿಕದಂಥ ಕಡೆ ವಲಸೆ ಬಂದ ಕುಟುಂಬಗಳ ಮಕ್ಕಳು ಹೀಗೆ ಅಪ್ಪ ಅಮ್ಮನ ಪರವಾಗಿ ಮಾತಾಡೋದಕ್ಕೆ, ಕಾಗದ ಓದೋದಕ್ಕೆ ಸಂಶೋಧಕರು ‘ಲ್ಯಾಂಗ್ವೇಜ್ ಬ್ರೋಕರಿಂಗ್’ ಅಂತ ಹೆಸರಿಟ್ಟು ಅಧ್ಯಯನ ಮಾಡಿದ್ದಾರೆ. ನಮ್ಮಲ್ಲಿ ಇದಕ್ಕೆ ‘ಚೂರು ನೋಡ್ಕೊಡು ಕೂಸು’ ಅನ್ನುವುದೇ ಹೆಸರು. ಹೆಸರಿಲ್ಲದ್ದರಿಂದ ಇದು ಕೆಲಸ ಅಂತಲೂ ಲೆಕ್ಕಕ್ಕಿಲ್ಲ.

ಕಳೆದ ವರ್ಷ ಗೆಳತಿ ಮೋಲಾ ಅವರನ್ನು ನಮ್ಮೂರಿಗೆ ಕರೆತಂದಿದ್ದಳು. ಬೆಟ್ಟ ತೋರಿಸಬೇಕು ಅಂತ ನಮ್ಮಜ್ಜಿಯೂ ಹೊರಟರು. ನಿಮಗೆ ಗೊತ್ತಿರಬಹುದು, ಖಾಸಗಿ ಗಾಡಿ ಮೇಲಕ್ಕೆ ಬಿಡಲ್ಲ. ಕೆಳಗೇ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಹೋಗಬೇಕು. ಮೇಲೆ 1454 ಮೀಟರ್ ಎತ್ತರದಲ್ಲಿ ಮಂಜು, ಗಾಳಿ. ನಮ್ಮಿಬ್ಬರ ಫೋನಿನಲ್ಲೂ ನೆಟ್‌ವರ್ಕ್ ಇರಲಿಲ್ಲ. ಅಜ್ಜಿ ಗೋಪಾಲಸ್ವಾಮಿಗೆ ಪ್ರದಕ್ಷಿಣೆ ಹೊರಟರೆ ಮೋಲಾ ಜಪಮಾಲೆ ಎಣಿಸುತ್ತಾ ಹಿಂದೆಯೇ ಹೊರಟರು. ಅವರಲ್ಲೂ ಬಲಗಡೆಯಿಂದಲೇ ಸುತ್ತೋದಂತೆ.

ಆಮೇಲೆ ಇಬ್ಬರೂ ಗಾಳಿಗೆ ಬೆನ್ನು ಹಾಕಿ ಕೂತರು. ಅಜ್ಜಿ ಕೇಳಿದರು, ‘ಯಾನವ್ವಾ, ಆ ಮಿಸಿನು ನಿಮ್ ಬೆಳ್ಳನೂ ತಕ್ಕಳಲ್ವಾ?’

ಮೋಲಾ ಕೈ ಚಾಚಿದರು. ‘ನಂದೂ ಬರಲ್ಲ. ಜೋಳ ಮುರಿದು ಮುರಿದು ಎಲ್ಲ ಹೋಯ್ತು.’

ಅಜ್ಜಿಯದು ಚೆಂಡು ಹೂ ಕಿತ್ತು, ಅರಿಶಿನ ಬಿಡಿಸಿ ಸವೆದ ಬೆರಳು. ಬೆರಳಚ್ಚು ಬರದವರಿಗೆ ಮಾಮೂಲಿ ದಾರಿ ಓಟಿಪಿ. ಓಟಿಪಿ ಬರಬೇಕಾದರೆ ಆಧಾರಿಗೆ ಒಂದು ನಂಬರು ಬೇಕು. ಇಬ್ಬರದ್ದಕ್ಕೂ ಇದ್ದದ್ದು ಮೊಮ್ಮಗಳ ನಂಬರು. ಹಂಗಳದಲ್ಲಿ ಅಜ್ಜಿ ಕೌಂಟರಿನ ಮುಂದೆ ನಿಂತರೆ ಬೆಂಗಳೂರಿನ ಮೀಟಿಂಗಿನಲ್ಲಿ ನನ್ನ ಫೋನು ಮಿಣುಕಬೇಕು. ನಾನು ನೋಡದೆ ಇದ್ದರೆ ಅಜ್ಜಿ ಇನ್ನೊಂದು ದಿನದ ಕೂಲಿ ಬಿಟ್ಟು ಮತ್ತೆ ಬರಬೇಕು.

ಇದರಲ್ಲಿ ಇನ್ನೂ ಒಂದು ಸಂಗತಿ ಇದೆ. ಹೀಗೆ ಎಲ್ಲ ನೋಡಿಕೊಡುವವಳಿಗೆ ಎಲ್ಲರ ಗುಟ್ಟೂ ಗೊತ್ತಿರುತ್ತದೆ. ಅಜ್ಜಿಯ ಖಾತೆಯಲ್ಲಿ ಎಷ್ಟಿದೆ ಅಂತ ಅಜ್ಜಿಗೂ ನನಗೂ ಮಾತ್ರ ಗೊತ್ತು. ‘ನಿಮ್ಮಪ್ಪಂಗೆ ಹೇಳ್ಬ್ಯಾಡ ಕೂಸು’ ಅಂದಿದ್ದರು. ಬೋರ್‌ವೆಲ್ ಕೊರೆಸುವ ಮಾತು ಬಂದಾಗ ಅಪ್ಪ ನನಗೆ ಫೋನು ಮಾಡಿ, ‘ನಿಮ್ಮಜ್ಜಿ ಅಕೌಂಟಲ್ಲಿ ಎಷ್ಟದೆ?’ ಅಂದರು. ‘ಅಜ್ಜೀನೇ ಕೇಳಪ್ಪ’ ಅಂದೆ. ಒಂದು ವಾರ ಅಪ್ಪ ಮಾತಾಡಲಿಲ್ಲ. ಅಪ್ಪನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಆ ದುಡ್ಡು ಅಜ್ಜಿ ಕೈಯೆತ್ತಿ ಕೊಟ್ಟರೆ ಕೊಡಲಿ, ನನ್ನ ಫೋನಿನ ಮೂಲಕ ಹೊರಬರುವುದು ಬೇಡ ಅನ್ನಿಸಿತು. ಪಾಸ್‌ವರ್ಡ್ ಗೊತ್ತಿದ್ದ ಮಾತ್ರಕ್ಕೆ ತೀರ್ಮಾನವೂ ನಮ್ಮದಾಗಲ್ಲ.

ಬೆಟ್ಟದಿಂದ ಬಂದ ಮೇಲೆ ನಾವಿಬ್ಬರೂ ನಮ್ಮ ನಮ್ಮ ಮನೆಯಲ್ಲಿ ಕೆಲವು ಬದಲಾವಣೆ ಮಾಡಿಕೊಂಡೆವು. ನಿಮಗೂ ಉಪಯೋಗಕ್ಕೆ ಬಂದೀತು.

ಮೊದಲನೆಯದು, ಅಜ್ಜಿಯ ಆಧಾರಿಗೆ ಅಜ್ಜಿಯದೇ ನಂಬರು. ಆಧಾರ್ ಕೇಂದ್ರಕ್ಕೆ ಒಂದು ಸಲ ಕರೆದುಕೊಂಡು ಹೋದರಾಯಿತು. ಕೀಪ್ಯಾಡ್ ಫೋನೇ ಸಾಕು. ನಮ್ಮಜ್ಜಿಗೆ ಅಕ್ಷರ ಬರಲ್ಲ, ಆದರೆ ನೋಟಿನಿಂದ, ಕ್ಯಾಲೆಂಡರಿನಿಂದ ಅಂಕಿ ಬರುತ್ತೆ. ಆರು ಅಂಕಿ ಓದೋಕೆ ಎರಡು ದಿನದಲ್ಲಿ ಕಲಿತರು.

ಎರಡನೆಯದು, ಒಂದೇ ಒಂದು ನಿಯಮ. ‘ನೀನು ಕೌಂಟರ್ ಮುಂದೆ ನಿಂತು, ನೀನೇ ಕೇಳಿದ ಕೆಲಸಕ್ಕಾದರೆ ನಂಬರು ಓದು. ಫೋನಿನಲ್ಲಿ ಯಾರು ಕೇಳಿದರೂ ಓದಬೇಡ. ನಾನು ಕೇಳಿದರೂ ಓದಬೇಡ.’ ವಿಡಿಯೊ ಕಾಲ್ ಮಾಡಿ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುವವರ ಕಾಲ ಇದು. ಅಂಥ ಅರೆಸ್ಟು ನಮ್ಮ ಕಾನೂನಿನಲ್ಲೇ ಇಲ್ಲ ಅಂತ ಮನೆಯ ಹಿರಿಯರಿಗೆ ಹೇಳಿಡಿ. ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನು ಮಾಡಬೇಕು. ನಮ್ಮ ಮನೆಯ ಗೋಡೆ ಕ್ಯಾಲೆಂಡರಿನ ಮೇಲೆ ಆ ನಾಲ್ಕು ಅಂಕಿ ದೊಡ್ಡದಾಗಿ ಬರೆದಿದ್ದೇವೆ.

ಮೂರನೆಯದು, ಕೆಲಸ ಹಂಚಿಕೆ. ಗ್ಯಾಸು, ಕರೆಂಟು, ಅಪ್ಪನ ಬೆಳೆ ವಿಮೆ ತಮ್ಮನಿಗೆ. ಆಸ್ಪತ್ರೆ, ಬ್ಯಾಂಕು ನನಗೆ. ಗೆಳತಿ ಒಡೆಯರಪಾಳ್ಯದಲ್ಲಿರುವ ಅಣ್ಣನ ಫೋನಿನಲ್ಲಿ ಆರ್‌ಸಿ ತಾರೀಖಿಗೆ ಅಲಾರಾಂ ಇಟ್ಟು ಬಂದಿದ್ದಾಳೆ. ತಿಂಗಳು ಮುಂಚೆಯೇ ಬಡಿದುಕೊಳ್ಳುವ ಹಾಗೆ. ಮಾತ್ರೆಯ ವಿಷಯಕ್ಕೆ ಟಿಬೆಟನ್‌ನಲ್ಲಿ ವಾಯ್ಸ್ ನೋಟ್ ಮಾಡಿ ಕಳಿಸುತ್ತಾಳೆ. ಮೋಲಾ ಬೇಕಾದಾಗ ಬೇಕಾದಷ್ಟು ಸಲ ಕೇಳಬಹುದು, ಯಾರನ್ನೂ ಕಾಯಬೇಕಿಲ್ಲ.

ಎಲ್ಲವೂ ಸಲೀಸಾಗಿದೆ ಅಂತಲ್ಲ. ತಮ್ಮ ಒಮ್ಮೊಮ್ಮೆ ಮರೆಯುತ್ತಾನೆ. ಅಜ್ಜಿಯ ಸಿಮ್ಮಿಗೆ ರೀಚಾರ್ಜ್ ಮುಗಿದು ಎರಡು ದಿನ ಮೆಸೇಜೇ ಬಂದಿರಲಿಲ್ಲ. ಅಮ್ಮ ಈಗಲೂ ‘ನೀನೇ ಮಾಡಿದ್ರೆ ಬೇಗ ಆಯ್ತದೆ’ ಅನ್ನುತ್ತಾರೆ. ಅದು ನಿಜವೂ ಹೌದು.

ಈ ಸಲ ಊರಿಗೆ ಹೋದಾಗ ಒಂದು ಅರ್ಧ ಗಂಟೆ ತೆಗೆದಿಡಿ. ಅಜ್ಜಿ ತಾತನ ಆಧಾರಿಗೆ ಯಾರ ನಂಬರಿದೆ ನೋಡಿ. ಅದು ನಿಮ್ಮದೇ ಆಗಿದ್ದರೆ ನಿಮ್ಮ ತಮ್ಮನನ್ನೋ ಅಣ್ಣನನ್ನೋ ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ. ಹೋದ ತಿಂಗಳು ನಮ್ಮಜ್ಜಿ ಕೆವೈಸಿ ಮುಗಿಸಿಕೊಂಡು ಬಂದು, ಮುಗಿದ ಮೇಲೆ ನನಗೆ ಫೋನು ಮಾಡಿದರು. ಊಟ ಆಯಿತಾ ಅಂತ ಕೇಳೋಕೆ.