ಎರಡನೇ ಸರ್ವ್

ಕಳೆದ ಜೂನ್‌ನ ಒಂದು ಸಂಜೆ ಮೆಟ್ರೊದಲ್ಲಿ ನಿಂತಿದ್ದಾಗ ಮೆಸೇಜ್ ಬಂತು. ‘ಬೆಂಗಳೂರಿಗೇ ಬಂದಿದೀನಿ. ಒಂದ್ಸಲ ಸಿಗೋಣ್ವಾ?’ ಹತ್ತು ವರ್ಷದ ಹಿಂದೆ ನಾನು ಡಿಲೀಟ್ ಮಾಡಿದ್ದ ನಂಬರ್. ಹೆಸರು ಕಾಣಿಸಲಿಲ್ಲ, ಆದರೆ ಕೊನೆಯ ನಾಲ್ಕು ಅಂಕಿ ಸಾಕಾಯಿತು. ಮೆಜೆಸ್ಟಿಕ್‌ನಲ್ಲಿ ಇಳಿಯಬೇಕಾದವಳು ಮುಂದಿನ ಸ್ಟೇಷನ್‌ವರೆಗೂ ಹೋಗಿಬಿಟ್ಟೆ.

ದಾವಣಗೆರೆಯ ಕಾಲೇಜಿನಲ್ಲಿ ನಾವಿಬ್ಬರೂ ಬ್ಯಾಡ್ಮಿಂಟನ್ ಮಿಕ್ಸೆಡ್ ಡಬಲ್ಸ್ ಜೋಡಿ. 2011ರಲ್ಲಿ ಜ್ವಾಲಾ ಗುಟ್ಟಾ ಮತ್ತು ಅಶ್ವಿನಿ ಪೊನ್ನಪ್ಪ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ವರ್ಷ ಅದು. ನಾವೂ ಏನೋ ಸಾಧಿಸಿಯೇ ಬಿಡುತ್ತೇವೆ ಅನ್ನುವ ಹುಮ್ಮಸ್ಸು. ಪ್ರಾಕ್ಟೀಸ್ ಮುಗಿದ ಮೇಲಿನ ಚಹಾ, ಚಹಾ ಮುಗಿದ ಮೇಲಿನ ಮಾತು, ಹಾಗೇ ಪ್ರೀತಿ.

ನನಗೆ ರ‍್ಯಾಕೆಟ್ ಹಿಡಿಯಲು ಕಲಿಸಿದ್ದು ಅಪ್ಪಾಜಿ. ಏಳನೇ ಕ್ಲಾಸಿನಿಂದ ದಿನಾ ಬೆಳಿಗ್ಗೆ ಐದೂವರೆಗೆ ಸ್ಕೂಟರ್‌ನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಒಂದು ಟೂರ್ನಿಯ ಸೆಮಿಫೈನಲ್‌ನಲ್ಲಿ ನಾವು ಸೋತ ದಿನ, ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಅಂದರು: ‘ಹುಡುಗ ಚಲೋ ಆಡ್ತಾನಮ್ಮಾ. ಆದ್ರೆ ನಿನಗೆ ಬಂದ ಶಟಲ್ಲೂ ತಾನೇ ಹೊಡೀತಾನೆ.’

ನನಗೆ ಉರಿದುಹೋಯಿತು. ಅವನನ್ನು ಕಂಡರೆ ಅಪ್ಪಾಜಿಗೆ ಆಗಲ್ಲ ಅಂತ ತೀರ್ಮಾನಿಸಿದೆ. ಮುಂದೆ ಅವನು ಪುಣೆಯಲ್ಲಿ ಕೆಲಸ ಸಿಕ್ಕಿ ಹೋದ, ಫೋನ್ ಕಡಿಮೆಯಾಯಿತು, ಒಂದು ದಿನ ನಿಂತೇಹೋಯಿತು. ಅಪ್ಪಾಜಿ ಅಂದಿದ್ದೇ ನಿಜವಾಯಿತಲ್ಲ ಅನ್ನುವ ಅವಮಾನಕ್ಕೆ ರ‍್ಯಾಕೆಟ್ ಅಟ್ಟ ಸೇರಿತು. ಆಮೇಲೆ ಅಪ್ಪಾಜಿ ಜತೆಗಿನ ಮಾತು ‘ಊಟ ಆಯ್ತಾ?’, ‘ಆಯ್ತು, ನಿಮ್ದು?’ ಇಷ್ಟಕ್ಕೆ ಬಂದು ನಿಂತಿತು.

ಆ ಮೆಸೇಜಿಗೆ ಉತ್ತರ ಕೊಡದೇ ಒದ್ದಾಡುತ್ತಿದ್ದಾಗ ಆಫೀಸಿನ ಗೆಳತಿ, ‘ನಿನ್ನ ಕಥೆಗೆ ಸರಿಯಾದ ಪುಸ್ತಕ ಇದೆ, ಓದು’ ಅಂತ ಒಂದು ಇಂಗ್ಲಿಷ್ ಕಾದಂಬರಿ ಕೊಟ್ಟಳು. ಟೇಲರ್ ಜೆಂಕಿನ್ಸ್ ರೀಡ್ ಬರೆದ ‘ಕ್ಯಾರಿ ಸೋಟೊ ಈಸ್ ಬ್ಯಾಕ್’. 2022ರಲ್ಲಿ ಬಂದದ್ದು. ಹಳೇ ಪ್ರೇಮಿಗಳು ಮತ್ತೆ ಸಿಗುವ ಕಥೆ ಅಂದಿದ್ದಳು. ಸರಿ, ಒಂದಿಷ್ಟು ಧೈರ್ಯವಾದರೂ ಬರಲಿ ಅಂತ ಶುರು ಮಾಡಿದೆ.

ಕ್ಯಾರಿ ಸೋಟೊ ಟೆನಿಸ್ ತಾರೆ. 20 ಗ್ರ್ಯಾನ್‌ಸ್ಲಾಮ್ ಗೆದ್ದು ನಿವೃತ್ತಿಯಾದವಳು. 1994ರ ಯುಎಸ್ ಓಪನ್‌ನಲ್ಲಿ ನಿಕಿ ಚಾನ್ ಅನ್ನುವವಳು ಆ ದಾಖಲೆಯನ್ನು ಸರಿಗಟ್ಟುವುದನ್ನು ನೋಡಿ, 37ನೇ ವಯಸ್ಸಿನಲ್ಲಿ ಮತ್ತೆ ಕಣಕ್ಕಿಳಿಯುತ್ತಾಳೆ. ಪ್ರಾಕ್ಟೀಸ್‌ಗೆ ಜತೆಯಾಗುವವನು ಬೋ ಹಂಟ್ಲಿ. ಅವನಿಗೂ ವಯಸ್ಸಾಗುತ್ತಿದೆ. ಇಬ್ಬರ ನಡುವೆ ಹಿಂದೊಮ್ಮೆ ಏನೋ ಇತ್ತು, ಮುಂದುವರಿದಿರಲಿಲ್ಲ. ಈಗ ದಿನವೂ ನೆಟ್‌ನ ಆಚೆ ಒಬ್ಬರು, ಈಚೆ ಒಬ್ಬರು. ಸೋಲು, ನೋವು, ಕುಂದುತ್ತಿರುವ ಕಸುವು ಯಾವುದನ್ನೂ ಒಬ್ಬರಿಂದೊಬ್ಬರು ಮುಚ್ಚಿಡುವ ಹಾಗಿಲ್ಲ. ಅವರ ಪ್ರೀತಿ ನನಗೆ ಹಿಡಿಸಿದ್ದು ಅದಕ್ಕೇ. ಹಳೆಯದನ್ನು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ ಮುಂದುವರಿಸುವುದಿಲ್ಲ ಅವರು, ಈಗಿನ ತಮ್ಮನ್ನು ನೋಡಿ ಹೊಸದಾಗಿ ಶುರು ಮಾಡುತ್ತಾರೆ.

ಆದರೆ ನಾನು ಫೋನ್ ಪಕ್ಕಕ್ಕಿಟ್ಟು ಅತ್ತದ್ದು ಬೋ ಬಂದ ಪುಟಗಳಲ್ಲಿ ಅಲ್ಲ. ಕ್ಯಾರಿಯ ಅಪ್ಪ ಹಾವಿಯೆರ್ ಅರ್ಜೆಂಟೀನಾ ಮೂಲದ ಹಳೇ ಆಟಗಾರ. ತಾಯಿಯಿಲ್ಲದ ಮಗಳನ್ನು ಪುಟ್ಟ ವಯಸ್ಸಿನಿಂದ ಕೋರ್ಟಿನಲ್ಲೇ ಬೆಳೆಸಿದವನು. ಎದುರಾಳಿ ಸ್ಟೆಪನೋವಾಳನ್ನು ನೀನು ಸೋಲಿಸಬಲ್ಲೆ ಅಂತ ಖಚಿತವಾಗಿ ಹೇಳಲಾರೆ ಅಂದ ಒಂದೇ ಕಾರಣಕ್ಕೆ ಅವನನ್ನು ಕೋಚ್ ಸ್ಥಾನದಿಂದ ಅವಳು ತೆಗೆದುಹಾಕಿರುತ್ತಾಳೆ. ವರ್ಷಗಳ ಮೇಲೆ ಮತ್ತೆ ಆಡಲು ಹೊರಟಾಗ ಅವಳ ಜತೆ ನಿಲ್ಲುವವನು ಅದೇ ಅಪ್ಪ. ಕೊನೆ ಏನಾಗುತ್ತೆ ಅಂತ ಹೇಳಲ್ಲ, ನೀವೇ ಓದಿ.

ಆ ರಾತ್ರಿ ಎರಡು ಗಂಟೆವರೆಗೂ ನಿದ್ದೆ ಬರಲಿಲ್ಲ. ಹತ್ತು ವರ್ಷ ನಾನು ಒಬ್ಬನನ್ನು ಕಳೆದುಕೊಂಡೆ ಅಂದುಕೊಂಡಿದ್ದೆ. ಅವನು ತಾನಾಗಿಯೇ ಹೋದವನು. ಆಟವನ್ನೂ ಅಪ್ಪಾಜಿಯನ್ನೂ ದೂರ ಮಾಡಿದ್ದು ಮಾತ್ರ ನಾನೇ.

ಅವನನ್ನು ಭೇಟಿಯಾದೆ. ಜಯನಗರದಲ್ಲಿ ಒಂದು ಕಾಫಿ. ಅವನ ತಲೆಯಲ್ಲಿ ನಾಲ್ಕು ಬಿಳಿಕೂದಲು, ನನಗೆ ಕನ್ನಡಕ. ‘ಆಗ ನಿಂಗೆ ಹೇಳಿ ಹೋಗ್ಬೇಕಿತ್ತು. ಧೈರ್ಯ ಇರ್ಲಿಲ್ಲ’ ಅಂದ. ಆ ಒಂದು ಮಾತಿಗೆ ಇಷ್ಟು ವರ್ಷ ಕಾದಿದ್ದೆನೇನೋ, ಕೇಳಿದ ಮೇಲೆ ಎದೆ ಹಗುರವಾಯಿತು. ‘ಮತ್ತೆ ನಾವು...’ ಅಂತ ಅವನು ಅರ್ಧಕ್ಕೆ ನಿಲ್ಲಿಸಿದ. ‘ಗೊತ್ತಿಲ್ಲ ಕಣೋ. ಮೊದ್ಲು ಒಂದು ಮ್ಯಾಚ್ ಆಡೋಣ, ಈ ಸಲ ನನ್ನ ಶಟಲ್ ನಂಗೇ ಬಿಡ್ಬೇಕು’ ಅಂದೆ. ಇಬ್ಬರೂ ನಕ್ಕೆವು. ಮುಂದೇನು ಅಂತ ಈಗಲೂ ನನಗೆ ಗೊತ್ತಿಲ್ಲ, ಅವಸರವೂ ಇಲ್ಲ.

ಅವಸರ ಇದ್ದದ್ದು ಬೇರೆ ಕಡೆ. ಆ ಶುಕ್ರವಾರ ರಾತ್ರಿಯೇ ದಾವಣಗೆರೆ ಬಸ್ ಹತ್ತಿದೆ. ಬೆಳಿಗ್ಗೆ ಮನೆ ತಲುಪಿದವಳೇ ಅಟ್ಟಕ್ಕೆ ಏಣಿ ಹಾಕಿದೆ. ಅಮ್ಮ ಕೆಳಗಿಂದಲೇ, ‘ಅಲ್ಲಿಲ್ಲ ಬಿಡು, ನಿಮ್ಮ ಅಪ್ಪಾಜಿ ಬೀರುವಿನಾಗೆ ಇಟ್ಟಾರೆ’ ಅಂದಳು. ತೆಗೆದು ನೋಡಿದರೆ ಹೊಸ ಗಟ್, ಹೊಸ ಗ್ರಿಪ್. ಯಾವಾಗ ಹಾಕಿಸಿದ್ದರೋ!

‘ಅಪ್ಪಾಜಿ, ಆಡೋಕೆ ಹೋಗೋಣ್ವಾ?’ ಅಂದೆ.

ಅವರು ಪೇಪರ್ ಮಡಚಿಟ್ಟರು. ‘ನನಗೆ ಮೊಣಕಾಲು ನೋವಮ್ಮಾ, ಓಡೋಕಾಗಲ್ಲ. ನೀನು ಸರ್ವ್ ಮಾಡು, ನಾನು ನಿಂತಲ್ಲೇ ಹೊಡೀತೀನಿ.’

ನನ್ನ ಮೊದಲ ಸರ್ವ್ ನೆಟ್‌ಗೆ ಬಿತ್ತು. ಟೆನಿಸ್‌ನಲ್ಲಾದರೆ ಎರಡನೇ ಸರ್ವ್ ಇರುತ್ತೆ, ನಮ್ಮ ಆಟದಲ್ಲಿ ಇಲ್ಲ. ಪೆಚ್ಚಾಗಿ ನಿಂತೆ. ಅಪ್ಪಾಜಿ ಕುಂಟುತ್ತಾ ಬಂದು ಶಟಲ್ ಎತ್ತಿ ನನ್ನ ಕೈಗಿಟ್ಟು ಅಂದರು: ‘ಇದು ಲೆಕ್ಕಕ್ಕಿಲ್ಲ. ಇನ್ನೊಂದ್ಸಲ ಮಾಡು.’