ಉಪ್ಪರಿಗೆಯ ಬಸ್ಸು

ಮನುಷ್ಯನು ಉದ್ಯೋಗದಿಂದ ನಿವೃತ್ತನಾಗುವ ದಿನ ಅವನಿಗೊಂದು ಹಾರ ಹಾಕುತ್ತಾರೆ; ಅವನನ್ನು ಕುರಿತು ನಾಲ್ಕು ಒಳ್ಳೆಯ ಮಾತುಗಳನ್ನಾಡುತ್ತಾರೆ; ಅವನೊಡನೆ ಎಂದೂ ಸರಿಯಾಗಿ ಮಾತನಾಡದಿದ್ದವರು ಕೂಡ ಆ ಹೊತ್ತಿಗೆ ಗದ್ಗದರಾಗುವುದುಂಟು. ಯಂತ್ರಗಳಿಗೆ ಈ ಮರ್ಯಾದೆ ಸಲ್ಲುವುದು ಅಪೂರ್ವ. ಮನೆಯ ಹೊಲಿಗೆಯ ಯಂತ್ರವು ಅಟ್ಟಕ್ಕೇರುತ್ತದೆ, ಹಳೆಯ ಬೈಸಿಕಲ್ಲು ಗುಜರಿಗೆ ಹೋಗುತ್ತದೆ. ಅವುಗಳಿಗಾಗಿ ಯಾರೂ ಸಭೆ ಕೂಡಿಸುವುದಿಲ್ಲ. ಆದರೆ ೨೦೨೩ನೆಯ ಇಸವಿಯ ಸೆಪ್ಟೆಂಬರ್ ೧೫ರಂದು ಮುಂಬಯಿಯಲ್ಲಿ ಒಂದು ಕೆಂಪು ಬಸ್ಸಿಗೆ ಈ ಮರ್ಯಾದೆಯೆಲ್ಲವೂ ಸಂದಿತು. ಅದು ಆ ನಗರದ ಡೀಸೆಲ್ಲಿನ ಎರಡಂತಸ್ತಿನ ಬಸ್ಸುಗಳಲ್ಲಿ ಕಟ್ಟಕಡೆಯದು. ಅಂಧೇರಿಯ ಕಡೆ ೪೧೫ನೆಯ ಅಂಕದ ಮಾರ್ಗದಲ್ಲಿ ಅದು ಹೂವಿನಲಂಕಾರದೊಡನೆ ಕೊನೆಯ ಸಲ ಓಡಿತು. ಬಸ್ಸಿಗೆ ಗೊತ್ತುಪಡಿಸಿದ ಹದಿನೈದು ವರ್ಷಗಳ ಆಯುಸ್ಸು ಮುಗಿದಿತ್ತು. ಪ್ರವಾಸಿಗರಿಗಾಗಿ ಉಳಿದಿದ್ದ, ಮೇಲ್ಛಾವಣಿಯಿಲ್ಲದ ಎರಡಂತಸ್ತಿನ ಬಸ್ಸುಗಳೂ ಮುಂದಿನ ತಿಂಗಳ ೫ರಂದು ವಿರಮಿಸಿದುವು.

ಈ ಸುದ್ದಿಯನ್ನು ನಾನು ಊರಿನ ಮನೆಯ ಜಗಲಿಯಲ್ಲಿ ಕುಳಿತು ಓದಿದೆನು. ಮೂವತ್ತು ವರ್ಷಗಳಿಗೂ ಮಿಕ್ಕಿ ಆ ಬಸ್ಸುಗಳಲ್ಲಿ ತಿರುಗಾಡಿದವನಿಗೆ ದುಃಖವಾಗಬೇಕಷ್ಟೆ. ಆಯಿತು, ಆದರೆ ದುಃಖದೊಡನೆ ಒಂದು ವಿಚಾರವೂ ಹುಟ್ಟಿತು. ನಾವು ಅಳುವುದು ಯಾವುದಕ್ಕೆ? ಕಬ್ಬಿಣಕ್ಕೋ, ನಮ್ಮ ಯೌವನಕ್ಕೋ, ಅಥವಾ ಆ ಬಸ್ಸು ಮಾಡುತ್ತಿದ್ದ ಕೆಲಸಕ್ಕೋ? ಈ ಮೂರನ್ನು ಬೇರೆಬೇರೆಯಾಗಿ ಇಟ್ಟು ನೋಡಿದಲ್ಲದೆ ಆ ವಾಹನಕ್ಕೆ ನ್ಯಾಯ ದೊರೆಯಲಾರದು ಎಂದು ತೋರಿತು.

ಮೊದಲು ಅದರ ವಂಶಾವಳಿಯನ್ನು ಹೇಳಿಬಿಡುತ್ತೇನೆ. ಮುಂಬಯಿಯಲ್ಲಿ ಕುದುರೆಗಳೆಳೆಯುವ ಟ್ರಾಮುಗಳು ೧೮೭೪ರಲ್ಲಿ ಬಂದುವು. ವಿದ್ಯುಚ್ಛಕ್ತಿಯ ಟ್ರಾಮು ೧೯೦೭ರಲ್ಲಿ. ಮೊದಲನೆಯ ಮೋಟಾರು ಬಸ್ಸು ೧೯೨೬ನೆಯ ಇಸವಿಯ ಜುಲೈ ೧೫ರಂದು ಅಫಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರುಕಟ್ಟೆಯವರೆಗೆ ಓಡಿತು. ಎರಡಂತಸ್ತಿನ ಬಸ್ಸು ೧೯೩೭ರಲ್ಲಿ ಬಂದಿತು. ೧೯೪೭ನೆಯ ಇಸವಿಯ ಆಗಸ್ಟ್ ೭ರಂದು, ಅಂದರೆ ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಸರಿಯಾಗಿ ಎಂಟು ದಿನ ಮೊದಲು, ವಿದ್ಯುತ್ತು, ಟ್ರಾಮು, ಬಸ್ಸು ಎಲ್ಲವೂ ಕಂಪೆನಿಯ ಕೈಯಿಂದ ನಗರಸಭೆಯ ಕೈಗೆ ಬಂದುವು. ಅದೇ ಇಂದಿನ ‘ಬೆಸ್ಟ್’ ಸಂಸ್ಥೆ. ಎರಡಂತಸ್ತಿನ ಬಸ್ಸು ಆ ನಗರಕ್ಕೆ ಒಗ್ಗಿದುದರಲ್ಲಿ ಆಶ್ಚರ್ಯವಿಲ್ಲ. ಹಳೆಯ ಮುಂಬಯಿ ಕಡಲಿನ ನಡುವೆ ನೀಳವಾಗಿ ಚಾಚಿದ ಭೂಮಿ. ರಸ್ತೆಯನ್ನು ಅಗಲಮಾಡುವುದಕ್ಕೆ ಅಲ್ಲಿ ಎಡೆಯಿಲ್ಲ. ನೆಲವಿಲ್ಲದ ಕಡೆ ಮನೆಯ ಮೇಲೆ ಮನೆ ಕಟ್ಟಿದಂತೆ, ಬಸ್ಸಿನ ಮೇಲೆ ಬಸ್ಸನ್ನು ಕಟ್ಟಿದರು. ಸಾಧಾರಣ ಬಸ್ಸಿನಷ್ಟೇ ರಸ್ತೆಯನ್ನು ಹಿಡಿದು ಅದು ಸುಮಾರು ಎಪ್ಪತ್ತು ಮಂದಿಯನ್ನು ಕೂರಿಸಿಕೊಂಡು ಹೋಗುತ್ತಿತ್ತು.

ನಾನು ೧೯೭೪ರಲ್ಲಿ ಬ್ಯಾಂಕಿನ ನೌಕರಿಗೆಂದು ಉಡುಪಿಯ ಕಡೆಯಿಂದ ಅಲ್ಲಿಗೆ ಹೋದೆ. ನನ್ನ ಸೋದರಮಾವನವರು ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಅಡಿಗೆಯ ಕೆಲಸದಲ್ಲಿದ್ದರು. ಹಗಲೆಲ್ಲ ಒಲೆಯ ಮುಂದೆ ನಿಂತಿರುವ ಮನುಷ್ಯ, ವಾರಕ್ಕೊಂದು ಬಿಡುವು. ಆ ಬಿಡುವಿನ ದಿನ ಅವರು ನಾಟಕಕ್ಕೆ ಹೋಗುತ್ತಿರಲಿಲ್ಲ, ಸಿನೆಮಾಕ್ಕೆ ಹೋಗುತ್ತಿರಲಿಲ್ಲ. ಉಪ್ಪರಿಗೆಯ ಬಸ್ಸನ್ನು ಹತ್ತಿ, ಮೇಲಿನ ಅಂತಸ್ತಿನ ಮುಂದಿನ ಆಸನದಲ್ಲಿ ಕುಳಿತು, ಮಾರ್ಗದ ಕೊನೆಯವರೆಗೆ ಹೋಗಿ ಹಿಂದಿರುಗುತ್ತಿದ್ದರು. “ಮಾಣಿ, ಊರು ನೋಡಬೇಕಾದರೆ ಮೇಲೆ ಕೂತುಕೋ. ಕೆಳಗೆ ಕೂತರೆ ಜನರ ಬೆನ್ನು ಮಾತ್ರ ಕಾಣುತ್ತದೆ” ಎಂದು ನನಗೂ ಹೇಳಿದರು. ಆ ಆಸನದ ಮುಂದೆ ತೆರೆದ ಕಿಟಕಿ. ಅದರಿಂದ ನುಗ್ಗುವ ಗಾಳಿ. ಒಲೆಯ ಝಳದಲ್ಲಿ ಬೆಂದ ಮುಖಕ್ಕೆ ಅದಕ್ಕಿಂತ ಅಗ್ಗವಾದ ಸುಖವು ಆ ನಗರದಲ್ಲಿ ಮತ್ತೊಂದಿರಲಿಲ್ಲ. ಕೋಟೆಯ ಕನ್ನಡ ರಾತ್ರಿಶಾಲೆಗಳಿಗೆ ಹೋಗುತ್ತಿದ್ದ ಹೋಟೆಲಿನ ಹುಡುಗರು ಅದೇ ಉಪ್ಪರಿಗೆಯಲ್ಲಿ ಪುಸ್ತಕ ತೆರೆದುಕೊಂಡು ಪಾಠ ಒಪ್ಪಿಸಿಕೊಳ್ಳುತ್ತಿದ್ದುದನ್ನೂ ಕಂಡಿದ್ದೇನೆ.

ಉಪ್ಪರಿಗೆಯಿಂದ ಕಾಣುವ ನಗರ ಬೇರೆಯೇ ಸರಿ. ಮಾಟುಂಗದಿಂದ ಕೋಟೆಯ ಕಡೆಗೆ ಹೋಗುವಾಗ ಪರೇಲ್, ಲಾಲಬಾಗುಗಳಲ್ಲಿ ಗಿರಣಿಗಳ ಎತ್ತರವಾದ ಗೋಡೆಗಳಿದ್ದುವು. ನೆಲದ ಮೇಲೆ ನಡೆಯುವವನಿಗೆ ಗೋಡೆ ಮಾತ್ರ ಕಾಣಬೇಕು. ಮೇಲೆ ಕುಳಿತವನಿಗೆ ಒಳಗಿನ ಅಂಗಳ, ಹತ್ತಿಯ ಮೂಟೆಗಳು, ಪಾಳಿ ಮುಗಿಸಿ ಬರುವ ಆಳುಗಳು ಕಾಣುತ್ತಿದ್ದರು. ೧೯೮೨ನೆಯ ಇಸವಿಯ ಜನವರಿ ೧೮ರಂದು ಗಿರಣಿಯ ಕೆಲಸಗಾರರ ದೊಡ್ಡ ಮುಷ್ಕರ ತೊಡಗಿತು. ಸುಮಾರು ಎರಡೂವರೆ ಲಕ್ಷ ಮಂದಿ ಕೆಲಸ ನಿಲ್ಲಿಸಿದರು. ಅವರಲ್ಲಿ ಅನೇಕರು ಮರಳಿ ಆ ಬಾಗಿಲನ್ನು ಹೊಗಲಿಲ್ಲ. ಆ ವರ್ಷವೆಲ್ಲ ನಾನು ಮೇಲಿನಿಂದ ನೋಡುತ್ತಿದ್ದೆ. ಅಂಗಳದಲ್ಲಿ ಹುಲ್ಲು ಬೆಳೆಯಿತು. ಪಾಳಿ ಬದಲಾಗುವ ಹೊತ್ತಿನಲ್ಲಿ ತುಂಬಿ ತುಳುಕುತ್ತಿದ್ದ ಬಸ್ಸಿನಲ್ಲಿ ಕುಳಿತುಕೊಳ್ಳಲು ಸ್ಥಳ ದೊರೆಯತೊಡಗಿತು. ಸ್ಥಳ ದೊರೆತುದಕ್ಕೆ ಸಂತೋಷಪಡಲು ಮನಸ್ಸು ಬರಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರುಗಳು ಇಬ್ಬರು: ಮೇಲಕ್ಕೊಬ್ಬ, ಕೆಳಕ್ಕೊಬ್ಬ. ತಗಡಿನ ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಟಿಕೇಟುಗಳು, ಹೆಗಲಲ್ಲಿ ಚರ್ಮದ ಚೀಲ. ಟಿಕೇಟಿಗೆ ತೂತು ಹಾಕುವ ಇಕ್ಕಳವನ್ನು ಟಿಕಟಿಕನೆ ಆಡಿಸುತ್ತ ಬಂದರೆ ನಿದ್ದೆ ಹೋದವನೂ ಎಚ್ಚತ್ತು ಜೇಬಿಗೆ ಕೈಯಿಕ್ಕುವನು. ಕೆಳಗಿನವನು “ಪುಢೇ ಚಲಾ” ಎಂದು ಜನರನ್ನು ಮುಂದೊತ್ತುವನು. ಮೇಲಿನವನು ನಿಂತವರನ್ನು ಕಂಡರೆ ಕೆಳಗಿಳಿಸುವನು. ಈ ಇಬ್ಬರ ಸಂಬಳವೇ ಮುಂದೆ ಆ ಬಸ್ಸಿಗೆ ಮುಳುವಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಗುಣವನ್ನು ಹೇಳಿದವನು ದೋಷವನ್ನೂ ಹೇಳಬೇಕು. ಉಪ್ಪರಿಗೆಗೆ ಹೋಗುವ ಮೆಟ್ಟಲು ಕಡಿದು. ಬಸ್ಸು ಓಡುತ್ತಿರುವಾಗಲೇ ಅದನ್ನು ಏರಬೇಕು. ಮುದುಕರಿಗೆ, ಬಸುರಿಯರಿಗೆ, ಕಾಲಿಲ್ಲದವರಿಗೆ ಆ ಗಾಳಿಯೂ ಆ ನೋಟವೂ ಇರಲಿಲ್ಲ. ಗಾಲಿಯ ಕುರ್ಚಿಯಲ್ಲಿ ಕುಳಿತವರಿಗೆ ಕೆಳಗಿನ ಅಂತಸ್ತೂ ದೂರವೇ. ಮುಪ್ಪಡರಿದ ಡೀಸೆಲ್ ಯಂತ್ರವು ಏರುದಾರಿಯಲ್ಲಿ ಉಗುಳುವ ಕರಿಹೊಗೆಯನ್ನು ಕುಡಿಯುತ್ತಿದ್ದವರು ಮೇಲೆ ಕುಳಿತ ನಾವಲ್ಲ. ಹಿಂದೆ ಬರುವ ಸೈಕಲ್ಲಿನವನು, ರಸ್ತೆಯ ಬದಿಯಲ್ಲಿ ತರಕಾರಿ ಮಾರುವವಳು, ಪೋಲೀಸಿನವನು. ಆ ಸುಖದ ಬೆಲೆಯನ್ನು ನಮ್ಮ ಪರವಾಗಿ ಬೇರೆಯವರು ಕೊಡುತ್ತಿದ್ದರು. ಹಾಡಿ ಹೊಗಳುವವರು ಇದನ್ನು ಮರೆಯಬಾರದು. ಲಂಡನ್ನಿನಲ್ಲಿ ‘ರೂಟ್‌ಮಾಸ್ಟರ್’ ಎಂಬ ಪ್ರಸಿದ್ಧವಾದ ಕೆಂಪು ಬಸ್ಸುಗಳನ್ನು ೨೦೦೫ನೆಯ ಇಸವಿಯ ಡಿಸೆಂಬರ್ ೯ರಂದು ನಿತ್ಯಸಂಚಾರದಿಂದ ತೆಗೆದಾಗಲೂ, ಅಂಗವಿಕಲರು ಹತ್ತಲಾಗದೆಂಬುದು ಒಂದು ಮುಖ್ಯ ಕಾರಣವಾಗಿತ್ತು. ಅಲ್ಲಿಯೂ ಜನರು ಅತ್ತರು. ಆದರೂ ಕಾರಣ ನ್ಯಾಯವಾದದ್ದೇ.

ಹೀಗೆ ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡುತ್ತಿರುವಾಗ ಒಂದು ರಾತ್ರಿಯ ನೆನಪು ಬರುತ್ತದೆ. ೨೦೦೫ನೆಯ ಇಸವಿಯ ಜುಲೈ ೨೬. ನಮ್ಮ ಕರಾವಳಿಯ ಆಷಾಢವನ್ನು ಕಂಡವನು ನಾನು. ಆದರೂ ಅಂಥ ಮಳೆಯನ್ನು ಕಂಡಿರಲಿಲ್ಲ. ಸಾಂತಾಕ್ರೂಜಿನ ಮಾಪನದಲ್ಲಿ ಒಂದೇ ದಿನ ೯೪೪ ಮಿಲಿಮೀಟರು ಸುರಿಯಿತು. ನಾನು ಕುರ್ಲಾದ ಶಾಖೆಯಿಂದ ಸಾಂತಾಕ್ರೂಜಿನ ಮನೆಗೆ ಉಪ್ಪರಿಗೆಯ ಬಸ್ಸಿನಲ್ಲಿ ಹೊರಟಿದ್ದೆ. ಕಲೀನಾದ ಹತ್ತಿರ ಬಸ್ಸು ನಿಂತಿತು. ಸಂಜೆಯಾಗುವುದರೊಳಗೆ ನೀರು ಕೆಳಗಿನ ಆಸನಗಳನ್ನು ಮುಟ್ಟಿತು. ಕೆಳಗಿದ್ದವರೆಲ್ಲ ಮೇಲಕ್ಕೆ ಬಂದರು. ರಸ್ತೆಯಲ್ಲಿ ಎದೆಯುದ್ದದ ನೀರಿನಲ್ಲಿ ನಡೆಯುತ್ತಿದ್ದವರನ್ನೂ ಕಂಡಕ್ಟರು ಕೈಹಿಡಿದು ಒಳಗೆಳೆದುಕೊಂಡನು. ಮೇಲೆ ಯಾರೂ ನಿಲ್ಲಬಾರದೆಂಬ ನಿಯಮವು ಆ ರಾತ್ರಿ ನಡೆಯಲಿಲ್ಲ. ಮಂಡಿನೋವಿನ ಒಬ್ಬ ವೃದ್ಧೆಯನ್ನು ಇಬ್ಬರು ಹುಡುಗರು ತೋಳುಗಳ ಮೇಲೆ ಕೂರಿಸಿಕೊಂಡು ಆ ಕಡಿದಾದ ಮೆಟ್ಟಲನ್ನು ಹತ್ತಿಸಿದರು. ಆ ಬಸ್ಸಿನ ಉಪ್ಪರಿಗೆಯನ್ನು ತಾನು ಕಾಣುವುದು ಅದೇ ಮೊದಲೆಂದು ಆಕೆ ಮರಾಠಿಯಲ್ಲಿ ಹೇಳಿದಳು. ಯಾರದೋ ಬುಟ್ಟಿಯಲ್ಲಿದ್ದ ಬಾಳೆಯ ಹಣ್ಣುಗಳು ಎಲ್ಲರಿಗೂ ಅರ್ಧರ್ಧವಾಗಿ ಬಂದುವು. ನಡುರಾತ್ರಿ ಕಳೆದ ಮೇಲೆ ಕಂಡಕ್ಟರು ಇನ್ನೊಬ್ಬನ ಮೊಬೈಲಿನ ಬೆಳಕಿನಲ್ಲಿ ಲೆಕ್ಕದ ಹಾಳೆಯನ್ನು ಬರೆಯುತ್ತಿದ್ದನು. “ಈಗ ಏತಕ್ಕೆ?” ಎಂದು ಕೇಳಿದೆ. “ಬೆಳಗ್ಗೆ ಡಿಪೋದಲ್ಲಿ ಹಣ ಕಟ್ಟಬೇಕಲ್ಲ, ಸಾಹೇಬರೆ” ಎಂದನು. ಬೆಳಗಾಗುವುದೆಂಬ ನಂಬಿಕೆ ಆ ಮಾತಿನಿಂದ ನಮಗೆಲ್ಲ ಬಂದಿತು.

ಆ ರಾತ್ರಿ ನಮ್ಮನ್ನು ಕಾಪಾಡಿದುದು ಎತ್ತರ ಮಾತ್ರವೇ ಎಂದರೆ ಅರ್ಧ ಸತ್ಯ. ಬಸ್ಸಿನಲ್ಲಿ ಲೆಕ್ಕ ಬಲ್ಲ, ಹೊಣೆಯರಿತ ಒಬ್ಬ ಸಾರ್ವಜನಿಕ ಸೇವಕನಿದ್ದನು. ಅವನು ನಮ್ಮನ್ನು ಬಿಟ್ಟು ಹೋಗಲಿಲ್ಲ.

ಈಗ ಸಂಬಳದ ಮಾತು. ಕಳೆದ ಶತಮಾನದ ತೊಂಬತ್ತರ ದಶಕದ ಮೊದಲಲ್ಲಿ ಮುಂಬಯಿಯಲ್ಲಿ ಸುಮಾರು ೯೦೦ ಎರಡಂತಸ್ತಿನ ಬಸ್ಸುಗಳಿದ್ದುವು. ಅನಂತರ ಲೆಕ್ಕ ನೋಡುವವರು ಎರಡು ಕಂಡಕ್ಟರುಗಳ ಖರ್ಚನ್ನೂ ಇಂಧನದ ಖರ್ಚನ್ನೂ ಕಂಡು, ಹಳೆಯವು ಸವೆದಂತೆಲ್ಲ ಹೊಸವನ್ನು ಕೊಳ್ಳುವುದನ್ನು ಕಡಮೆಮಾಡಿದರು. ಬಸ್ಸಿನ ನಷ್ಟವನ್ನು ವಿದ್ಯುತ್ತಿನ ಲಾಭದಿಂದ ತುಂಬುವ ಪದ್ಧತಿ ಬಹುಕಾಲ ನಡೆದಿತ್ತು. ೨೦೦೩ರ ವಿದ್ಯುಚ್ಛಕ್ತಿಯ ಕಾನೂನಿನ ಬಳಿಕ ಆ ದಾರಿಯೂ ಇಕ್ಕಟ್ಟಾಯಿತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಒಂದು ವಾಹನದ ಖರ್ಚನ್ನು ಬರೆಯುವ ಅಂಕಣವಿತ್ತೇ ಹೊರತು, ಅದು ಇಲ್ಲವಾದಾಗ ನಿಲ್ದಾಣದಲ್ಲಿ ಉಳಿದುಹೋಗುವ ಮಂದಿಯನ್ನು ಬರೆಯುವ ಅಂಕಣವಿರಲಿಲ್ಲ. ೨೦೧೦ರ ಸುಮಾರಿಗೆ ಆ ಸಂಸ್ಥೆಯ ಒಟ್ಟು ಬಸ್ಸುಗಳು ೪,೦೦೦ಕ್ಕೂ ಹೆಚ್ಚಾಗಿದ್ದುವು. ೨೦೨೪ರ ಕೊನೆಗೆ ೩,೦೦೦ಕ್ಕೂ ಕಡಮೆ. ಅವುಗಳಲ್ಲಿ ಬಹುಭಾಗ ಸಂಸ್ಥೆಯ ಸ್ವಂತದ್ದಲ್ಲ. ಗುತ್ತಿಗೆದಾರರು ಬಸ್ಸನ್ನೂ ಡ್ರೈವರನ್ನೂ ಒದಗಿಸುತ್ತಾರೆ. ೨೦೧೯ರ ಜುಲೈಯಲ್ಲಿ ೫ ರೂಪಾಯಿಗೆ ಇಳಿಸಿದ್ದ ಕನಿಷ್ಠ ದರವನ್ನು ೨೦೨೫ರ ಮೇ ತಿಂಗಳಲ್ಲಿ ೧೦ ರೂಪಾಯಿಗೆ ಏರಿಸಿದರು.

ಹೊಸತು ಬರಲಿಲ್ಲವೆಂದಲ್ಲ. ೨೦೨೩ರ ಫೆಬ್ರವರಿಯಿಂದ ವಿದ್ಯುತ್ತಿನಿಂದ ನಡೆಯುವ, ತಂಪುಹವೆಯ ಎರಡಂತಸ್ತಿನ ಬಸ್ಸುಗಳು ಮುಂಬಯಿಯಲ್ಲಿ ಸಂಚರಿಸತೊಡಗಿದುವು. ಅವುಗಳಿಗೆ ಹೊಗೆಯಿಲ್ಲ, ಗಡಗಡ ಸದ್ದಿಲ್ಲ. ಮುಂದಿನ ಕಿಟಕಿಗೆ ಗಾಜುಂಟು, ಗಾಳಿ ನುಗ್ಗುವುದಿಲ್ಲ. ನನ್ನಂಥ ಮುದುಕರು ಗಾಳಿಗಾಗಿ ಹಲುಬಬಹುದು. ಹೊಗೆ ಕುಡಿಯದ ತರಕಾರಿಯವಳು ಹಲುಬಲಾರಳು, ಅವಳ ಮಾತಿಗೇ ಹೆಚ್ಚು ತೂಕ. ಆದುದರಿಂದ ಹಳೆಯ ಬಸ್ಸು ಹೋಗಬೇಕಾದದ್ದೇ, ಹೋಯಿತು ಎಂದು ನಾನು ಒಪ್ಪುತ್ತೇನೆ. ಒಪ್ಪದಿರುವುದು ಇಷ್ಟನ್ನು ಮಾತ್ರ: ಒಂಬೈನೂರು ಇದ್ದ ಕಡೆ ಕೆಲವೇ ಹತ್ತುಗಳನ್ನು ಇಟ್ಟು, ಹಳೆಯದರ ಸ್ಥಾನ ತುಂಬಿತು ಎನ್ನುವುದನ್ನು.

ಇಂಥ ಬೀಳ್ಕೊಡುಗೆ ಆ ನಗರಕ್ಕೆ ಹೊಸದಲ್ಲ. ೧೯೬೪ನೆಯ ಇಸವಿಯ ಮಾರ್ಚ್ ೩೧ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮು ಹೊರಟಾಗ ರಸ್ತೆಯ ಇಕ್ಕೆಲಗಳಲ್ಲಿಯೂ ಜನ ನೆರೆದಿದ್ದರೆಂದು ಸೋದರಮಾವನವರು ಹೇಳುತ್ತಿದ್ದರು. ಆ ದಿನ ಟ್ರಾಮಿನ ಪ್ರಯಾಣಿಕರನ್ನು ಹೊರಲು ಉಪ್ಪರಿಗೆಯ ಬಸ್ಸುಗಳು ಸಾಲಾಗಿ ಬರತೊಡಗಿದ್ದುವು. ಆದುದರಿಂದ ಅದು ಬೀಳ್ಕೊಡುಗೆಯಾಯಿತೇ ಹೊರತು ಕೊರತೆಯಾಗಲಿಲ್ಲ. ಎರಡು ವಿದಾಯಗಳಿಗೂ ಇರುವ ಅಂತರ ಇದೇ ಎಂದು ನನಗೆ ತೋರುತ್ತದೆ.

ನಮ್ಮ ಜಿಲ್ಲೆಯ ಪೇಟೆಗಳಲ್ಲಿಯೂ ಬಸ್ಸುಗಳಿಗೆ ವಯಸ್ಸಾಗುತ್ತಿದೆ. ಅವುಗಳಲ್ಲಿ ಶಾಲೆಯ ಮಕ್ಕಳೂ, ಮೀನಿನ ಬುಟ್ಟಿಯವರೂ, ಆಸ್ಪತ್ರೆಗೆ ಹೋಗುವ ಮುದುಕರೂ ಕುಳಿತಿರುತ್ತಾರೆ. ಒಂದು ದಿನ ಅವನ್ನೂ ತೆಗೆಯುವರು, ತೆಗೆಯಬೇಕು. ಹಾರ ಹಾಕುವುದಾದರೆ ವಾಚಕರು ಧಾರಾಳವಾಗಿ ಹಾಕಲಿ. ಹಾಕುವಾಗ ಅಲ್ಲಿರುವ ಅಧಿಕಾರಿಗಳನ್ನು ಒಂದೇ ಒಂದು ಪ್ರಶ್ನೆ ಕೇಳಲಿ: ಈ ಬಸ್ಸಿನಲ್ಲಿ ನಿನ್ನೆ ಎಷ್ಟು ಮಂದಿ ಹೋಗುತ್ತಿದ್ದರು, ನಾಳೆ ಬೆಳಗ್ಗೆ ಅವರೆಲ್ಲ ಯಾವುದರಲ್ಲಿ ಹೋಗುವರು?