ಅಸುರನ ಸಿಟ್ಟು, ನಮ್ಮ ಸಿಟ್ಟು

ನಾವು ನಾಲ್ಕು ಜನ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಒಂದೊಂದು ತಾಲ್ಲೂಕಿನ ಕೇರಿಯಿಂದ ಒಬ್ಬೊಬ್ಬರು. ದಾವಣಗೆರೆಯ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಮೂರು ವರ್ಷ ಉಂಡು ಮಲಗಿ ಡಿಗ್ರಿ ಮುಗಿಸಿದವರು. ನಮ್ಮ ನಾಲ್ಕು ಮನೆಗಳಲ್ಲೂ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ನಾವೇ. ಭದ್ರಾ ಕಾಲುವೆ ಕಂಡ ಚನ್ನಗಿರಿಯವನಿಗೆ ಜಗಳೂರಿನ ಬರ ಅರ್ಥವಾಗುವುದಿಲ್ಲ ಎಂದು ನಮ್ಮೊಳಗೇ ಜಗಳ. ಆದರೆ ಕಾಲುವೆ ನೀರು ಹರಿದದ್ದು ಯಾರ ಗದ್ದೆಗೆ ಎಂದು ಕೇಳಿಕೊಂಡ ಕೂಡಲೇ ನಾಲ್ವರೂ ಸುಮ್ಮನಾಗುತ್ತೇವೆ. ಕೇರಿಯವರಿಗೆ ಗದ್ದೆ ಎಲ್ಲಿದ್ದವು?

ಬಲಿಪಾಡ್ಯಮಿಯ ದಿನ ಹೊನ್ನಾಳಿಯವನ ಮನೆಯಲ್ಲಿ ಸೇರಿದ್ದೆವು. ಅವನ ತಮ್ಮ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಆಟ ಆಡುತ್ತಿದ್ದ. ಆಟದ ಹೆಸರು 'ರಾಜಿ'. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಕಂಪನಿ 2020ರಲ್ಲಿ ಹೊರತಂದದ್ದು. ರಾಜಿ ಊರೂರು ತಿರುಗಿ ಆಟ ತೋರಿಸುವ ಬಡ ಹುಡುಗಿ. ಅಸುರರು ಬಂದು ಅವಳ ತಮ್ಮ ಗೋಲುವನ್ನು ಹೊತ್ತೊಯ್ಯುತ್ತಾರೆ. ದುರ್ಗೆ ಅವಳಿಗೆ ತ್ರಿಶೂಲ ಕೊಡುತ್ತಾಳೆ. ಎದುರಿಗಿರುವವನು ಅಸುರರ ಒಡೆಯ ಮಹಾಬಲಾಸುರ.

"ಇವ್ನು ಯಾಕಪ್ಪಾ ಹುಡುಗ್ರನ್ನ ಹೊತ್ಕೊಂಡು ಹೋಗ್ತಾನೆ?" ಅಂದೆವು.

"ಸಾವಿರ ವರ್ಷದ ಹಿಂದೆ ದೇವರ ಕೈಲಿ ಸೋತಿದ್ರಂತಣ್ಣಾ. ಅದ್ರ ಸೇಡು."

"ಆಗ ತಪ್ಪು ಯಾರದಿತ್ತು?"

"ಅದೆಲ್ಲ ನಂಗೊತ್ತಿಲ್ಲ. ಹೊಡೀಬೇಕು ಅಷ್ಟೇ."

ನಮಗೆ ನಗು ಬರಲಿಲ್ಲ. ಆ ಆಟದಲ್ಲಿ ಕತೆ ಹೇಳುವವರು ದುರ್ಗೆ ಮತ್ತು ವಿಷ್ಣು. ಗೆದ್ದವರೇ ಕತೆ ಹೇಳುತ್ತಿದ್ದಾರೆ. ಸೋತವನ ಬಾಯಲ್ಲಿ ಅದೇ ಕತೆ ಹೇಗಿರುತ್ತಿತ್ತು? ಹೊರಗೆ ಅದೇ ದಿನ ಬಲೀಂದ್ರನ ಹಬ್ಬ. ಮಹಾಬಲಾಸುರ ಬೇರೆ, ಬಲಿ ಚಕ್ರವರ್ತಿ ಬೇರೆ, ಗೊತ್ತು. ಆದರೂ ಕೇಳದೆ ಇರಲು ಆಗಲಿಲ್ಲ. ಕೇಳಿದ್ದನ್ನು ಕೊಟ್ಟ ದೊರೆಯ ತಲೆಯ ಮೇಲೆ ಕಾಲಿಟ್ಟು ಪಾತಾಳಕ್ಕೆ ತುಳಿದದ್ದು ಯಾವ ನ್ಯಾಯ? ಜೋತಿರಾವ್ ಫುಲೆ 1873ರಲ್ಲೇ 'ಗುಲಾಮಗಿರಿ' ಬರೆದು, ಬಲಿಯನ್ನು ದುಡಿಯುವ ಜನರ ದೊರೆಯೆಂದು ಎತ್ತಿ ಹಿಡಿದರು. ಅಮೆರಿಕದಲ್ಲಿ ನೀಗ್ರೋ ಗುಲಾಮಗಿರಿ ತೊಡೆಯಲು ದುಡಿದ ಜನರಿಗೆ ಆ ಪುಸ್ತಕವನ್ನು ಅರ್ಪಿಸಿದರು.

"ಹಂಗಾದ್ರೆ ಅಸುರನ ಸಿಟ್ಟು ಸರಿ" ಎಂದ ನ್ಯಾಮತಿಯವನು. ನಾವೂ ಹೂಂ ಅಂದೆವು. ಜಗಳೂರಿನವನು ಮಾತ್ರ ತಲೆ ತಗ್ಗಿಸಿ ಕೂತಿದ್ದ.

ಅವನ ಅಪ್ಪ ದೊಡ್ಡಾಟದಲ್ಲಿ ರಾಕ್ಷಸ ರಾಜನ ಪಾತ್ರ ಮಾಡುತ್ತಿದ್ದವರು. ಅವರು ಗರ್ಜಿಸಿದರೆ ಮುಂದೆ ಕೂತ ಮಕ್ಕಳು ಅವ್ವನ ಸೆರಗು ಹಿಡಿಯುತ್ತಿದ್ದವು. ಒಂದು ಸಲ ರಾತ್ರಿಯೆಲ್ಲಾ ಕುಣಿದು, ಬೆಳಗಿನ ಜಾವ ಬಣ್ಣ ತೊಳೆಯುವ ಮುಂಚೆ, ಸುಸ್ತಾಗಿ ಊರ ದೊಡ್ಡ ಮನೆಯ ಜಗಲಿಯ ಮೇಲೆ ಕೂತುಬಿಟ್ಟರು. ಮನೆಯ ಯಜಮಾನ ಹೊರಗೆ ಬಂದು ಕಪಾಳಕ್ಕೆ ಹೊಡೆದ. ಕಿರೀಟ ಉರುಳಿ ಬೀದಿಗೆ ಬಿತ್ತು. ರಾತ್ರಿ ರಾಜನಿಗೆ ಚಪ್ಪಾಳೆ ಹೊಡೆದ ಜನ ಬೆಳಿಗ್ಗೆ ನೋಡುತ್ತಾ ನಿಂತರು. ಅವ್ವನ ಕೈ ಹಿಡಿದು ನಮ್ಮ ಗೆಳೆಯನೂ ನಿಂತಿದ್ದ.

ಈಗ ಅವನು ಒಂದು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕ. ಆ ಯಜಮಾನನ ಮೊಮ್ಮಗ ಅವನ ತರಗತಿಯಲ್ಲೇ ಇದ್ದಾನೆ. ಕಿರುಪರೀಕ್ಷೆಯಲ್ಲಿ ಹುಡುಗ ಸರಿಯಾದ ಉತ್ತರ ಬರೆದಿದ್ದ. ನಮ್ಮವನು ಬೇಕೆಂದೇ ಮೂರು ಅಂಕ ಕಿತ್ತುಕೊಂಡ. ಹೇಳುವಾಗ ಅವನ ದನಿ ನಡುಗುತ್ತಿತ್ತು. ಆ ಕೆಂಪು ಪೆನ್ನು ಅವನೊಬ್ಬನ ಕೈಯಲ್ಲಿತ್ತು ಎಂದು ನಾವು ಜಾರಿಕೊಳ್ಳುವುದಿಲ್ಲ. ಅದು ನಮ್ಮ ನಾಲ್ವರ ಕೈಯಲ್ಲೂ ಇತ್ತು.

ಅಂದು ರಾತ್ರಿ ಅಪ್ಪನಿಗೆ ಹೇಳಿಕೊಂಡನಂತೆ. ಮುದುಕ ಬೀಡಿ ಆರಿಸಿ ಒಂದೇ ಮಾತು ಕೇಳಿದರಂತೆ: "ಆ ಹುಡ್ಗ ನನ್ ಕಿರೀಟ ಬೀಳಿಸ್ಯಾನೇನ್ಲೇ?"

ಮಹಾಬಲಾಸುರನಿಗೂ ನಾವು ಕೇಳಬೇಕಾದ ಪ್ರಶ್ನೆ ಇದೇ. ಸೋತ ನೋವು ನಿನ್ನದಿರಬಹುದು. ಆದರೆ ಗೋಲು ಏನು ಮಾಡಿದ್ದ? ದೇವರ ಮೇಲಿನ ಸೇಡನ್ನು ಬೀದಿಯಲ್ಲಿ ಆಟ ತೋರಿಸಿ ಹೊಟ್ಟೆ ಹೊರೆಯುವ ಮಕ್ಕಳ ಮೇಲೆ ತೀರಿಸಿಕೊಂಡೆಯಲ್ಲ, ಅಲ್ಲಿಗೆ ನೀನೂ ತುಳಿದವರ ಸಾಲಿಗೇ ಸೇರಿದೆ.

ಹಾಗಂತ ಸಿಟ್ಟು ಬಿಡಿ ಎನ್ನುವ ಸ್ವಾಮಿಗಳ ಉಪದೇಶವೂ ನಮಗೆ ಬೇಡ. 1927ರ ಮಾರ್ಚಿನಲ್ಲಿ ಬಾಬಾಸಾಹೇಬರು ಸಾವಿರಾರು ಜನರ ಜತೆ ಮಹಾಡದ ಚವದಾರ ಕೆರೆಗೆ ನಡೆದರು. ಬಗ್ಗಿ ನೀರು ಕುಡಿದರು, ಅಷ್ಟೇ. ಅದಕ್ಕೇ ನಮ್ಮವರ ತಲೆ ಒಡೆದರು. ತಿರುಗಿ ಹೊಡೆಯಬೇಡಿ ಎಂದರು ಬಾಬಾಸಾಹೇಬರು. ಆದರೆ ಸುಮ್ಮನಾಗಲಿಲ್ಲ. ಅದೇ ಡಿಸೆಂಬರಿನಲ್ಲಿ ಮನುಸ್ಮೃತಿ ಸುಟ್ಟರು. ಕೋರ್ಟಿನಲ್ಲಿ ಹತ್ತು ವರ್ಷ ಕಾದಾಡಿ 1937ರಲ್ಲಿ ಕೆರೆಯ ಹಕ್ಕು ಗೆದ್ದರು. ಅವರ ಸಿಟ್ಟಿಗೆ ವಿಳಾಸ ಗೊತ್ತಿತ್ತು. ಅದು ಯಾರ ಮಗುವಿನ ಮನೆಗೂ ದಾರಿ ತಪ್ಪಿ ಹೋಗಲಿಲ್ಲ.

ಮರುದಿನವೇ ನಮ್ಮ ಗೆಳೆಯ ಇಡೀ ತರಗತಿಯ ಮುಂದೆ "ತಪ್ಪು ನನ್ನದು" ಎಂದು ಹೇಳಿ ಮೂರು ಅಂಕ ವಾಪಸ್ ಕೊಟ್ಟಿದ್ದನಂತೆ. ಹುಡುಗನಿಗೆ ಏನೂ ಅರ್ಥವಾಗದೆ ಕಣ್ಣು ಬಿಟ್ಟನಂತೆ. ಯಾವತ್ತಾದರೂ ಅವನಿಗೆ ಆ ಬೆಳಗಿನ ಕತೆಯನ್ನೂ ಹೇಳಬೇಕು. ಅದನ್ನು ಸೋತವರ ಬಾಯಿಂದ ಕೇಳಿಯೇ ಅವನು ಬೆಳೆಯಬೇಕು.

ಆ ಜಗಲಿ ಇನ್ನೂ ಅಲ್ಲೇ ಇದೆ ಗೆಳೆಯರೇ. ಮುಂದಿನ ದೊಡ್ಡಾಟಕ್ಕೆ ನಾವು ನಾಲ್ವರೂ ಆ ಊರಿಗೆ ಹೋಗುತ್ತೇವೆ. ಬೆಳಗಾದ ಮೇಲೆ, ಕಿರೀಟ ತೆಗೆಯದೆ, ಅಪ್ಪನನ್ನು ಕರೆದುಕೊಂಡು ಅದರ ಮೇಲೆ ಕೂರುತ್ತೇವೆ.